ಖಾಲಿ ಬುಟ್ಟಿಯ ಸದ್ದು

ಒಲೆಗೆ ಇನ್ನೆರಡು ಕಟ್ಟಿಗೆ ತುರುಕಿ. ಇದನ್ನು ಅರ್ಧ ಕೇಳಿ ಎದ್ದುಹೋಗುವ ಹಾಗಿಲ್ಲ... ಹೋಗುವವರು ಈಗಲೇ ಹೋಗಿ.

ನಮ್ಮ ದೊಡ್ಡಮ್ಮನ ಮಗಳು ಸಿಲ್ಮೆಗೆ ಆದದ್ದು ಇದು. ಆ ವರ್ಷ ನೋಕ್ಮ, ಅದೇ ನಮ್ಮ ಗಾರೋ ಊರಿನ ಯಜಮಾನ, ಅವಳಿಗೆ ಆಲದ ಮರದಿಂದ ಮೇಲಕ್ಕಿರುವ ಇಳಿಜಾರನ್ನು, ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯಕ್ಕೆ ಕೊಟ್ಟಿದ್ದ. ಹನ್ನೆರಡು ವರ್ಷ ಕತ್ತಿ ಕಾಣದ ಬಿದಿರುಕಾಡು, ಕಪ್ಪು ಮಣ್ಣು. ಹಿಂದಿನ ಎರಡು ವರ್ಷ ಅವಳ ಭತ್ತ ಆನೆಗಳ ಪಾಲಾಗಿತ್ತು. ಮನೆಯಲ್ಲಿ ಮೂರು ಮಕ್ಕಳು. ಮರಗೆಣಸು ತಿಂದು ತಿಂದು ಅನ್ನದ ರುಚಿಯನ್ನೇ ಮರೆತಿದ್ದರು.

ನಮ್ಮಲ್ಲಿ ಕಾಡು ಕಡಿಯುವ ಮೊದಲು ಒಂದು ಮೂಲೆ ಸವರಿ ಬಂದು ಮಲಗಬೇಕು. ಆ ರಾತ್ರಿಯ ಕನಸನ್ನು ಬೆಳಿಗ್ಗೆ ಎಲ್ಲರೆದುರು ಹೇಳಬೇಕು. ಕನಸು ಕೆಟ್ಟದ್ದಾದರೆ ಆ ಜಾಗ ಬಿಡಬೇಕು, ಮರುಮಾತಿಲ್ಲ. ಸಿಲ್ಮೆ, "ಹೊಳೆ ತುಂಬ ಮೀನು ಕಂಡೆ" ಅಂದಳು. ಒಳ್ಳೆಯ ಕನಸೆಂದು ಎಲ್ಲರೂ ತಲೆಯಾಡಿಸಿದರು.

ಅವಳು ಕಂಡದ್ದು ಮೀನಲ್ಲ. ಇಳಿಜಾರಿನ ನಡುವೆ ಒಬ್ಬ ಮುದುಕಿ ಕೂತಿದ್ದಳು. "ನಾನು ಇಲ್ಲಿದೀನಿ ಕಣವ್ವ" ಅಂದಿದ್ದಳು, ಅಷ್ಟೆ. ಹೊಟ್ಟೆಗಿಂತ ಕನಸು ದೊಡ್ಡದೇನು ಎಂದುಕೊಂಡು ಸಿಲ್ಮೆ ಅದನ್ನು ನುಂಗಿಬಿಟ್ಟಳು.

ಕಡಿದ ಬಿದಿರು ಎರಡು ತಿಂಗಳು ಬಿಸಿಲಿಗೆ ಒಣಗಿತು. ಬೆಂಕಿ ಹಾಕುವ ಹಿಂದಿನ ಸಂಜೆ, ಉರಿ ಆಚೆ ದಾಟದಿರಲೆಂದು ಅಂಚಿನ ತರಗೆಲೆ ಗುಡಿಸುತ್ತ ಅವಳಿಗೆ ಹೊತ್ತಾಯಿತು. ಗಂಡ ಸೆಂಗ್ಬಾತ್ ಮೊದಲೇ ನೋಕ್ಮನ ಮನೆಗೆ ಹೋಗಿದ್ದ. ಬೆನ್ನುಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟು ಅವಳು ಇಳಿಯತೊಡಗಿದಾಗ ಕತ್ತಲು ಕವಿದಿತ್ತು. ಬುಟ್ಟಿ ಖಾಲಿ.

ಆಲದ ಮರದ ಹತ್ತಿರ... ಕಿರ್ರ್.

ನಿಂತಳು. ಸದ್ದೂ ನಿಂತಿತು.

ಹೊರೆ ಹೊತ್ತವರಿಗೆ ಗೊತ್ತು ಆ ಸದ್ದು. ಭಾರಕ್ಕೆ ಬುಟ್ಟಿಯ ಹೆಣಿಗೆ ನರಳುವ ಸದ್ದು. ಖಾಲಿ ಬುಟ್ಟಿ ಹಾಗೆ ನರಳುವುದಿಲ್ಲ. ಹಿಂದೆ ಯಾರೋ ಸೌದೆ ಹೊತ್ತು ಬರುತ್ತಿದ್ದಾರೆ ಅಂದುಕೊಂಡಳು.

"ಯಾರಕ್ಕಾ ಅದು?"

ಮತ್ತೆ ನಡೆದಳು. ಕಿರ್ರ್... ಕಿರ್ರ್... ಅವಳ ಹೆಜ್ಜೆಗೆ ಸರಿಯಾಗಿ. ಹಣೆಯ ಪಟ್ಟಿ ಬಿಗಿಯಿತು. ಕತ್ತು ಹಿಂದಕ್ಕೆ ಜಗ್ಗಿತು. ಆಗ ತಿಳಿಯಿತು ಅವಳಿಗೆ... ಸದ್ದು ಹಿಂದಿನಿಂದಲ್ಲ, ತನ್ನ ಬೆನ್ನ ಮೇಲಿನಿಂದಲೇ ಬರುತ್ತಿದೆ.

ಕಿವಿಯ ಹಿಂದೆ ಪಿಸುಮಾತು. "ನಾಳೆ ಬೆಂಕಿ ಅಂತೆ?"

ಸಿಲ್ಮೆ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಹ್ಞೂಂ..."

"ನಾನು ಇದೀನಿ ಅಂತ ಹೇಳಿದ್ನಲ್ಲ."

"ನೀನು ಹೇಳಿದ್ದೆ ಅಜ್ಜಿ."

"ಊರಿಗೆ ಏನಂದೆ?"

"ಮೀನು... ಅಂದೆ. ಮಕ್ಳು ಹಸ್ಕೊಂಡವೆ ಅಜ್ಜಿ."

ಪಟ್ಟಿ ಇನ್ನಷ್ಟು ಬಿಗಿಯಿತು. ಆಮೇಲೆ... "ನಾನೂ ಹಸ್ಕೊಂಡೇ ಹೋದೋಳು."

ಪಟ್ಟಿಯನ್ನು ಹಣೆಯಿಂದ ಕಿತ್ತು ಓಡಿದಳು ಸಿಲ್ಮೆ. ಬುಟ್ಟಿ ನೆಲಕ್ಕೆ ಬಿದ್ದ ಸದ್ದು ಅವಳಿಗೆ ಕೇಳಲೇ ಇಲ್ಲ.

ನೋಕ್ಮನ ಮನೆಯಲ್ಲಿ ಗಂಡಸರು ಅಕ್ಕಿಯ ಹೆಂಡ ಕುಡಿಯುತ್ತ ಕೂತಿದ್ದರು.

"ಏನೇ, ಕರಡಿ ಅಟ್ಟಿಸ್ಕೊಂಡ್ ಬಂತಾ? ಪಾಪ, ಅದರ ಗತಿ ಏನಾಯ್ತೋ," ಅಂದ ಸೆಂಗ್ಬಾತ್. ಎಲ್ಲರೂ ನಕ್ಕರು.

"ಕನಸು ಸುಳ್ಳು ಹೇಳಿದ್ದೆ," ಅಂದಳು.

ನಗು ನಿಂತಿತು. ಅವಳು ಒಂದೂ ಬಿಡದೆ ಹೇಳಿದಳು. ನೋಕ್ಮ ಕೈಯಲ್ಲಿದ್ದ ಸೋರೆಬುರುಡೆ ಕೆಳಗಿಟ್ಟ. "ಬೇರೆ ಕಾಡು ಕಡಿಯೋ ಕಾಲ ಹೋಯ್ತಲ್ಲವ್ವ. ಇದನ್ನ ಬಿಟ್ರೆ ವರ್ಷವಿಡೀ ಏನ್ ತಿಂತೀರಿ?"

"ಗೆಣಸು."

ಸೆಂಗ್ಬಾತ್ ಏನೋ ಬಯ್ಯಲು ಬಾಯಿ ತೆರೆದವನು ಹೆಂಡತಿಯ ಹಣೆ ನೋಡಿ ದೀಪವನ್ನು ಹತ್ತಿರ ತಂದ. ಪಟ್ಟಿ ಒತ್ತಿದ ಗೀರು ಕೆಂಪಗೆ ಕೊರೆದಿತ್ತು, ಎರಡು ಮಣ ಹೊತ್ತವರಿಗೆ ಬೀಳುವಂಥದ್ದು.

ಮರುದಿನ ಉಳಿದ ಇಳಿಜಾರುಗಳೆಲ್ಲ ಉರಿದವು. ಬಿದಿರ ಗಂಟುಗಳು ಢಬ್ ಢಬ್ ಎಂದು ಸಿಡಿದವು. ಸಿಲ್ಮೆಯದೊಂದು ಹಾಗೇ ಬಿದ್ದಿತ್ತು. ಬುಟ್ಟಿ ಹುಡುಕಲು ಹೋದ ಸೆಂಗ್ಬಾತ್ ಬರಿಗೈಯಲ್ಲಿ ಬಂದ.

ಮೊದಲ ಮಳೆ ಕಳೆದ ಮೇಲೆ, ಸುಡದ ಆ ನೆಲದಲ್ಲಿ, ಬಿದ್ದ ಬಿದಿರಿನ ಸಂದಿಯಲ್ಲಿ ಭತ್ತ ಎದ್ದಿತು. ಗೇಣಿಗೊಂದು ಗುಣಿ, ಕೋಲಿನಿಂದ ಚುಚ್ಚಿ ಬಿತ್ತಿದ ಹಾಗೆ. ಬಿತ್ತಿದವರು ಊರಲ್ಲಿ ಯಾರೂ ಇಲ್ಲ. ಯಾರೂ ಹತ್ತಿರ ಸುಳಿಯಲೂ ಇಲ್ಲ. ತೆನೆ ಬಲಿತ ಒಂದು ಬೆಳಿಗ್ಗೆ ನೋಡಿದರೆ... ಬರೀ ದಂಟು.

ಅದೇ ಬೆಳಿಗ್ಗೆ ಸಿಲ್ಮೆಯ ಮೆಟ್ಟಿಲ ಮೇಲೆ ಅವಳ ಬುಟ್ಟಿ ಇತ್ತು. ಬಾಯಿತನಕ ಭತ್ತ. ಅವಳು ತುಂಬ ಹೊತ್ತು ನೋಡುತ್ತ ನಿಂತಳು. ಆಮೇಲೆ ಕುಟ್ಟಿ ಬೇಯಿಸಿದಳು. ಮೊದಲ ಹಿಡಿ ಅನ್ನವನ್ನು ಆಲದ ಬುಡದಲ್ಲಿಟ್ಟು ಬಂದು, ಮಕ್ಕಳಿಗೆ ಬಡಿಸಿ, ಒಲೆಯ ಕಡೆ ತಿರುಗಿ ಕೂತು ಅತ್ತಳು.

ಸುಳ್ಳು ಅನ್ನುವವರು ಅನ್ನಲಿ. ಆ ಬುಟ್ಟಿಯನ್ನು ಒಳಗೆ ಎತ್ತಿಟ್ಟವನು ನಾನೇ. ಹಣೆಪಟ್ಟಿ ಬೆವರಿಗೆ ಒದ್ದೆಯಾಗಿತ್ತು... ಇನ್ನೂ ಬೆಚ್ಚಗಿತ್ತು.