ಭಂಡಾರ ಬಳದ ವಾಲ್ವು

ಮೊದಲ ಆ ಮೊಬೈಲು ಡಬ್ಬ ಹಾಕು, ತಂಗಿ. ಹಂಗ. ಈಗ ಖರೇ ಹೇಳು, ನಿನ್ನ ಕಳಿಸಿದವರು ಯಾರು? ನೇವಿಯವರೋ, ನಮ್ಮ ಕಾರ್ಖಾನಿ ಮಾಲಕರೋ? ...ಯಾರೂ ಇಲ್ಲ? ಹಳೇ ಡಿಸ್ಟ್ರಾಯರ್ ಹಡಗಿನ ಬಿಡಿಭಾಗದ ಸಲುವಾಗಿ, ಪುಣೆದ ಈ ನಿಗಡಿಯೊಳಗ ಮೂರು ಮಜಲು ಹತ್ತಿ, ಸುಮ್ಮನ ಯಾರರ ಬರ್ತಾರೇನು? ಆ ಹಡಗೆಲ್ಲಾ ರಿಟೈರ್ ಆಗಿ ಗುಜರಿಗೆ ಹೋಗ್ಯಾವ.

ಶಂಕ್ರೆಪ್ಪನ ಮಗಳು ಇಂದೂ ಅಂದಿ. ಇರಲಿ. ಹಡಗಿನ್ಯಾಗ ಉಗಿ ವಾಲ್ವು ಒಡದು ನಿಮ್ಮಪ್ಪನ ಕೈ ಸುಟ್ಟವು. ‘ನೀನ ಗಕ್ಕನ ತಿರುವಿದಿ’ ಅಂತ ನೇವಿ ಚೌಕಶಿಯವರು ಬರದು, ನೌಕರಿ ಬಿಡಿಸಿ ಮನಿಗೆ ಕಳಿಸಿದ್ರು. ಈಗ ಆ ಬರಹ ಅಳಿಸಬೇಕು ಅಂತಿ. ಅದಕ್ಕ ನಾ ಏನು ಮಾಡ್ಲಿ? ಅವಸರದ ಮನಷಾ ಇದ್ದಿರಬೇಕು ನಿಮ್ಮಪ್ಪ.

ನನ್ನ ಸಾಮಾನಿನ ಮಾತು ಬ್ಯಾರೆ. ಪರದೇಶದಿಂದ ಬಿಡಿಭಾಗ ಬರೂದು ನಿಂತಾಗ ಆ ಹಡಗು ತೇಲಿಸಿದವ ಈ ಕಾಶಪ್ಪ. ಯಾಕ ನಗತಿ? ನಕಾಶೆ ಎಲ್ಲಾ ಪರದೇಶದ ಭಾಷಾದಾಗ ಇದ್ವು. ಇಂಜಿನಿಯರ್ ಮಂದಿ ತಲಿ ಹಿಡಕೊಂಡು ಕೂತ್ರು. ನನಗ ಯಾವ ಭಾಷಾನೂ ಓದಾಕ ಬರಂಗಿಲ್ಲ, ಹಿಂಗಾಗಿ ತ್ರಾಸ ಆಗಲಿಲ್ಲ. ಮುರದ ತುಂಡು ಅಂಗೈಯಾಗ ಒಮ್ಮೆ ಆಡಿಸಿದೆ, ಲೇಥಿಗೆ ಹಚ್ಚಿದೆ. ಹಡಗು ಮುಂಬೈಯಾಗ ಕೆಮ್ಮಿದ್ರ ನನಗ ಇಲ್ಲೇ ಕೇಳತಿತ್ತು. ಸ್ವತಃ ಅಡ್ಮಿರಲ್ಲು ಬಂದು ನಮ್ಮ ಕಟ್ಟಿ ಮ್ಯಾಲ ಕೂತು ಜ್ವಾಳದ ರೊಟ್ಟಿ ತಿಂದು ಹೋಗ್ಯಾನ. ಮೂರನೇ ಮಜಲಿನ್ಯಾಗ ಕಟ್ಟಿ ಎಲ್ಲಿ ಅಂತಿಯೇನು? ಆವಾಗ ಇತ್ತು. ಸಮುದ್ರ...? ಇಲ್ಲ, ನೋಡಿಲ್ಲ. ಪುರಸೊತ್ತು ಎಲ್ಲಿತ್ತು.

ಚೀಲದಾಗ ಕೈ ಯಾಕ ಹಾಕತಿ? ಏನದ ಅದರಾಗ? ...ಫೋಟೊ. ನಮ್ಮ ಕಾರ್ಖಾನಿ ಫೋಟೊ ನಿನ್ನ ಕೈಗೆ ಕೊಟ್ಟವ ಯಾವ?

ಹೌದು, ಒಡದದ್ದು ಅದೇ ವಾಲ್ವು. ನಾನ ಮಾಡಿದ್ದು. ಖಂಡೇನವಮಿ ದಿನಾ ತಗದದ್ದು ಇದು. ಅದರ ಮ್ಯಾಲಿನ ಹಳದಿ ಅಂದ್ರ ಭಂಡಾರ, ಜೇಜುರಿ ಖಂಡೋಬಾನ ಅರಿಶಿಣ. ಆ ದಿವಸ ಲೇಥಿಗೆ, ಸಾಮಾನಿಗೆ, ಎಲ್ಲಾಕ್ಕೂ ಹಚ್ಚತೀವಿ. ತಪಾಸಣಿ ಸಾಹೇಬರೂ ಖಂಡೋಬಾನ ಭಕ್ತರು. ದೇವರ ಭಂಡಾರ ಹೆಂಗ ಒರಸೂದು ಅಂತ ಕೈ ಮುಗದು ಪಾಸ್ ಮಾಡಿದ್ರು. ಅದರಾಗ ನಂದೇನು ತಪ್ಪು?

ಉಳಿದ ಸಾಮಾನಿಗೆ ಒಂದೊಂದು ಬೊಟ್ಟು, ಇದಕ್ಕ ಮುಷ್ಟಿಗಟ್ಟಲೆ ಯಾಕ...? ಭಕ್ತಿ. ಅವತ್ತು ಭಕ್ತಿ ಭಾಳ ಇತ್ತು.

ಹಂಗ ನೋಡಬ್ಯಾಡ, ಯವ್ವಾ. ಶಂಕ್ರೆಪ್ಪ ಹೆಂಗದಾನ...? ಏನಂದಿ? ಮನಿ ನಳ ತಿರುವಾಕೂ ಅಂಜತಾನ? ಈಗೂ?

...

ಬಯ್ಯು ಬೇಕಾದ್ರ.

ಮೂವತ್ತು ವರ್ಷ ನನ್ನ ಒಂದು ಸಾಮಾನು ವಾಪಸ್ ಬಂದಿರಲಿಲ್ಲ, ತಂಗಿ. ಅದರ ಸೊಕ್ಕು. ಆ ವಾಲ್ವಿನ ಎರಕದಾಗ ಕಿರುಬೆರಳು ಹೋಗೂವಷ್ಟು ತೂತು ಬಿದ್ದಿತ್ತು. ಕೆಟ್ಟದ ಅಂತ ಹೇಳಿದ್ರ ಕಾಶಪ್ಪನ ಕೆಲಸ ಕೆಡ್ತು ಅಂತಿದ್ರು ಮಂದಿ. ಸೀಸ ಕಾಸಿ ತುಂಬಿದೆ. ಮ್ಯಾಲ ಭಂಡಾರ ಬಳದೆ. ಉಗಿ ಕಾವಿಗೆ ಸೀಸ ನಿಲ್ಲಂಗಿಲ್ಲ ಅಂತ ನನಗ ಗೊತ್ತಿತ್ತು...

ನಿಮ್ಮಪ್ಪ ಹಗೂರಕ ತಿರುವಿದ್ರೂ ಅದು ಒಡೀತಿತ್ತು.