ಹಿಂದೆ ಬರುವ ವ್ಯಾನು

ಕಣ್ಣಾಸ್ಪತ್ರೆಯಲ್ಲಿ ಔಷಧಿಯ ಹನಿ ಬಿಡಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಮಾತಾಡುತ್ತಿದ್ದರು. ಒಬ್ಬರು ಯೂನಿವರ್ಸಿಟಿ ಸೈಕಲ್ ತಂಡದ ಕೋಚ್. ಇನ್ನೊಬ್ಬರು ರೇಸಿನ ಹಿಂದೆ ಬಂದು, ಸುಸ್ತಾಗಿ ನಿಂತವರನ್ನು ಹತ್ತಿಸಿಕೊಳ್ಳುವ ವ್ಯಾನಿನ ಡ್ರೈವರ್.

"ಮೊದಲನೇ ವರ್ಷ ನಿಮ್ಮ ಇಡೀ ತಂಡ ನನ್ನ ವ್ಯಾನಲ್ಲೇ ಬಂತಲ್ಲ ಸಾರ್."

"ನಾನೂ ಇದ್ನಲ್ಲ ಅದ್ರಲ್ಲಿ! ಸುತ್ತ ಎಲ್ಲಾ ಪ್ರೊಫೆಷನಲ್ ತಂಡಗಳು, ನಡುವೆ ನಮ್ಮ ಓದೋ ಹುಡುಗ್ರು."

"ಮಾರನೇ ವರ್ಷ ನಿಮಗೋಸ್ಕರಾನೇ ಸೀಟಿಗೆ ಮೆತ್ತೆ ಹಾಕಿಸ್ದೆ."

"ಆ ಮೆತ್ತೆ ಆಸೆಗೇ ನಮ್ಮವ್ರು ಬೇಗ ಸುಸ್ತಾಗ್ತಿದ್ರು ಬಿಡಿ."

"ಈ ಸಲ ಒಬ್ರೂ ಹತ್ಲಿಲ್ಲ. ವ್ಯಾನೆಲ್ಲ ಬಿಕೋ ಅಂತಿತ್ತು."

"ಎಲ್ಲರೂ ಫಿನಿಶ್ ಗೆರೆ ದಾಟಿದ್ರು, ನೋಡಿದ್ರಾ? ಇಷ್ಟು ವರ್ಷದಲ್ಲಿ ಇದೇ ಮೊದಲು."

"ನೋಡ್ದೆ. ಕೊನೇ ಏರಲ್ಲಿ ನಿಮ್ಮ ಕುಳ್ಳ ಮಾತ್ರ ಕೈ ತೋರಿಸಿ ನಿಲ್ಲಿಸ್ದ."

"ಅಯ್ಯೋ, ಆಮೇಲೆ?"

"ಬಾಗಿಲಿನ ಚಿಲಕ ಸಿಕ್ಕಾಕ್ಕೊಂಡಿದೆ, ತೆಗೆಯೋಕಾಗ್ತಿಲ್ಲ, ನೀನು ತುಳಿ ಮಗಾ ಅಂದೆ. ಬೈಕೊಂಡೇ ಹೋದ."

"ನಿಜವಾಗ್ಲೂ ಸಿಕ್ಕಾಕ್ಕೊಂಡಿತ್ತಾ?"

ನರ್ಸ್ ಇಬ್ಬರನ್ನೂ ಒಳಗೆ ಕರೆದರು. ಬೆಂಚು ಕಿರ್ರೆಂದಿತು.

"ಅವತ್ತು ಬೆಳಗ್ಗೆ ತಾನೇ ಚಿಲಕಕ್ಕೆ ಎಣ್ಣೆ ಬಿಟ್ಟಿದ್ದೆ ಸಾರ್."