ಸನ್ಮಾನಿತರು ಬರುವವರೆಗೆ

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ಬದರಿನಾಥ ಅವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ನಿವೃತ್ತ ಬ್ಯಾಂಕ್ ಅಧಿಕಾರಿ ತಮ್ಮಯ್ಯ ಅವರೇ, ನಮ್ಮ ಮೈಲಾಪುರ ಕನ್ನಡ ಬಳಗದ ಹಿರಿಯರೇ, ತಾಯಂದಿರೇ, ಕನ್ನಡ ಅರ್ಥವಾದರೂ ತಮಿಳಿನಲ್ಲೇ ಉತ್ತರ ಕೊಡುವ ಮಕ್ಕಳೇ, ಇನ್ನೂ ಬಂದು ತಲುಪದ ಸನ್ಮಾನಿತರೇ, ಸಭಿಕರೇ,

ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಭಾಷಣ ಮಾಡುವವಳಲ್ಲ. ಕನ್ನಡ ಎಂ.ಎ. ಓದುವಾಗ ನಮ್ಮ ತರಗತಿಯಲ್ಲಿದ್ದದ್ದೇ ಬೆರಳೆಣಿಕೆಯ ಜನ. ಅವರೆದುರು ಪ್ರಬಂಧ ಓದುವಾಗಲೂ ನನ್ನ ಕೈಯ ಹಾಳೆ ಫ್ಯಾನಿಲ್ಲದೆಯೇ ಅಲುಗಾಡುತ್ತಿತ್ತು. ಇಲ್ಲಿ ಫ್ಯಾನೂ ಇದೆ.

ನಾನು ಶ್ರೀಯಾ. ಪ್ರತಿ ಭಾನುವಾರ ಬಳಗದ ಗ್ರಂಥಾಲಯದ ಬಾಗಿಲು ತೆರೆಯುವವಳು. ಇಂದು ನನಗೆ ವಹಿಸಿದ್ದು ಅಭಿನಂದನೆಯ ನಾಲ್ಕು ಮಾತು. ಬರೆದುಕೊಂಡು ಬಂದದ್ದೂ ಅಷ್ಟೇ. ಆದರೆ ವೇದಿಕೆ ಹತ್ತುವಾಗ ಕಾರ್ಯದರ್ಶಿ ಹರಿದಾಸ ಅವರು ನನ್ನ ಕಿವಿಯಲ್ಲಿ, "ಅವನು ಮಧ್ಯಕೈಲಾಸದ ಸಿಗ್ನಲ್ ಹತ್ರ ಇದಾನಂತೆ ಕಣಮ್ಮ. ಬರೋವರೆಗೂ ಮಾತಾಡ್ತಾ ಇರು. ನೀನು ನಿಲ್ಲಿಸಿದ್ರೆ ಜನ ಕೇಸರಿಬಾತ್ ಕಡೆ ಎದ್ದು ಹೋಗ್ತಾರೆ" ಎಂದರು. ಈಗ ಅವರು ಬಾಗಿಲ ಬಳಿ ನಿಂತು, ದೋಸೆ ಹಿಟ್ಟು ರುಬ್ಬುವವರ ಹಾಗೆ ಕೈ ತಿರುಗಿಸುತ್ತಿದ್ದಾರೆ. ಮುಂದುವರಿಸು ಎಂದು ಅದರ ಅರ್ಥ. ಮುಂದುವರಿಸುತ್ತೇನೆ.

ನನ್ನ ಪಕ್ಕದಲ್ಲಿ ಒಂದು ಖಾಲಿ ಕುರ್ಚಿ ಇದೆ. ತಟ್ಟೆಯಲ್ಲಿ ಶಾಲು, ಹಾರ, ಹಣ್ಣು ಇವೆ. ಇವು ಯಾರಿಗಾಗಿ? ಶ್ರೀ ಗುರುಚರಣ ಅವರಿಗಾಗಿ. ಮುಂದಿನ ಸಾಲಿನಲ್ಲಿ ಕೂತಿರುವ ಜಾನಕಮ್ಮನವರ ಮಗ. ವೃತ್ತಿಯಲ್ಲಿ ಪ್ರೋಗ್ರಾಮರ್. ಆಹ್ವಾನ ಪತ್ರಿಕೆಯಲ್ಲಿ "ಹೆಸರಾಂತ ಸಾಫ್ಟ್‌ವೇರ್ ಸಂಸ್ಥೆಯ ಹಿರಿಯ ಎಂಜಿನಿಯರ್" ಎಂದು ಅಚ್ಚಾಗಿದೆ. ಅದನ್ನು ಓದಿ ಅವರು ನಕ್ಕರು. ಅವರು ಯಾವ ಸಂಸ್ಥೆಯವರೂ ಅಲ್ಲ. ಕಾಂಟ್ರಾಕ್ಟ್ ಪ್ರೋಗ್ರಾಮರ್. ಒಂದು ಏಜೆನ್ಸಿ ಅವರನ್ನು ಒಂದು ಕಂಪನಿಗೆ ಕಳಿಸುತ್ತದೆ. ಕೆಲಸ ಮುಗಿದಾಗ ಕಂಪನಿ ವಾಪಸು ಕಳಿಸುತ್ತದೆ. ಮತ್ತೆ ಇನ್ನೊಂದು ಏಜೆನ್ಸಿ, ಇನ್ನೊಂದು ಕಂಪನಿ. ಇದನ್ನು ಹೇಳಬಾರದಿತ್ತೇನೋ. ಅಧ್ಯಕ್ಷರು ಕೆಮ್ಮುತ್ತಿದ್ದಾರೆ.

ಆದರೆ ಹೇಳದಿದ್ದರೆ ಅವರು ಮಾಡಿದ ಕೆಲಸದ ಬೆಲೆ ಹೇಗೆ ತಿಳಿಯಬೇಕು? ನಮ್ಮ ಗ್ರಂಥಾಲಯ ಎರಡು ವರ್ಷದ ಹಿಂದೆ ಹೇಗಿತ್ತು ಎಂಬುದು ನಿಮಗೆ ನೆನಪಿದೆಯೇ? ಪುಸ್ತಕಗಳ ಕಾರ್ಡುಗಳನ್ನು ಹುಳು ತಿಂದಿತ್ತು. ಯಾವ ಪುಸ್ತಕ ಯಾರ ಮನೆಯಲ್ಲಿದೆ ಎಂಬುದು ದೇವರಿಗೂ ಆ ಹುಳುವಿಗೂ ಮಾತ್ರ ಗೊತ್ತಿತ್ತು. ಒಂದು ಭಾನುವಾರ ಗುರುಚರಣ ಅವರು ತಾಯಿಗಾಗಿ ಪುಸ್ತಕ ತೆಗೆದುಕೊಳ್ಳಲು ಬಂದರು. ನಾನು ಕಾರ್ಡು ಹುಡುಕಿದೆ, ಹುಡುಕಿದೆ, ಹುಡುಕುತ್ತಲೇ ಇದ್ದೆ. ಅವರು ಬೇಸರಪಡಲಿಲ್ಲ. ನನ್ನ ಎದುರಿನ ಸ್ಟೂಲಿನಲ್ಲಿ ಕೂತು, "ಇದಕ್ಕೊಂದು ಸಣ್ಣ ಪ್ರೋಗ್ರಾಂ ಬರೀಲಾ?" ಎಂದು ಕೇಳಿದರು. ಹಾಗೆ ಆರಂಭವಾದದ್ದು ಪ್ರತಿ ಭಾನುವಾರವೂ ನಡೆಯಿತು.

ಪುಸ್ತಕ ಹಿಂದಿರುಗಿಸದವರಿಗೆ ಫೋನಿಗೆ ಸಂದೇಶ ಹೋಗಬೇಕು; ಅದರ ಮಾತು ಹೇಗಿರಬೇಕು ಎಂದು ನನ್ನನ್ನು ಕೇಳಿದರು. ನಾನು ಬರೆದುಕೊಟ್ಟೆ: "ನೀವು ಒಯ್ದ ಪುಸ್ತಕ ತನ್ನ ಮನೆಗೆ ಬರಲು ಕಾಯುತ್ತಿದೆ." ಮೊದಲ ಸಂದೇಶ ಹೋದದ್ದು ನಮ್ಮ ಅಧ್ಯಕ್ಷರಿಗೇ. ಮರುವಾರ ಆಟೋದಲ್ಲಿ ಒಂದು ಮೂಟೆ ಪುಸ್ತಕ ಬಂತು. ಅಧ್ಯಕ್ಷರು ದೊಡ್ಡವರು, ಈ ಮಾತಿಗೆ ನಗುತ್ತಿದ್ದಾರೆ.

ಹರಿದಾಸ ಅವರು ಇನ್ನೂ ರುಬ್ಬುತ್ತಿದ್ದಾರೆ. ಆಗಲಿ.

ಕಾಂಟ್ರಾಕ್ಟ್ ಎಂದರೇನು ಎಂದು ನಾನು ಒಮ್ಮೆ ಅವರನ್ನೇ ಕೇಳಿದ್ದೆ. ಪರ್ಮನೆಂಟ್ ನೌಕರರ ಗುರುತಿನ ಚೀಟಿಗೆ ನೀಲಿ ದಾರ, ತಮ್ಮಂಥವರಿಗೆ ಕಿತ್ತಳೆ ದಾರ ಎಂದರು. ನೀಲಿಯವರು ಬಿಟ್ಟುಹೋಗುವಾಗ ಕೇಕ್ ಕತ್ತರಿಸುತ್ತಾರೆ, ಭಾಷಣವಿರುತ್ತದೆ. ಕಿತ್ತಳೆಯವರು ಬಿಟ್ಟುಹೋದದ್ದು ಗೊತ್ತಾಗುವುದು ಮರುದಿನ ಕುರ್ಚಿ ಖಾಲಿ ಇದ್ದಾಗ. ಅದಕ್ಕೇ ಅವರು ಮೇಜಿನ ಮೇಲೆ ಒಂದು ಫೋಟೋ ಇಟ್ಟವರಲ್ಲ, ಸ್ವಂತ ಕಪ್ ಇಟ್ಟವರಲ್ಲ. ಕಾಗದದ ಲೋಟದಲ್ಲೇ ಕಾಫಿ. ಇದನ್ನು ಕೇಳಿ ನಾನು ಇಲ್ಲೇ ದೇವಸ್ಥಾನದ ಕೊಳದ ಹತ್ತಿರದ ಪಾತ್ರೆ ಅಂಗಡಿಯಲ್ಲಿ ಒಂದು ಸ್ಟೀಲ್ ಲೋಟ ಕೊಂಡು, ಅದರ ಮೇಲೆ ಅವರ ಹೆಸರು ಕೆತ್ತಿಸಿ ಗ್ರಂಥಾಲಯದ ಕಪಾಟಿನಲ್ಲಿಟ್ಟೆ. ಬಳಗದ ಪರವಾಗಿ ಇಟ್ಟದ್ದು. ಅವರು ಲೋಟವನ್ನು ತಿರುಗಿಸಿ ಹೆಸರನ್ನು ಓದಿದರು. ಆ ಕಾಫಿ ಆರುವವರೆಗೂ ಕುಡಿಯಲಿಲ್ಲ.

ಕೆಲಸ ಹುಡುಕುವುದೇ ಅವರ ಇನ್ನೊಂದು ಕೆಲಸ. ನುಂಗಂಬಾಕ್ಕಂನಲ್ಲಿ ಏಜೆನ್ಸಿಗಳ ಕಚೇರಿಗಳಿವೆಯಂತೆ. ಅಲ್ಲಿ ಕಾಯುವ ಬೆಂಚಿನಲ್ಲಿ ಯಾವಾಗಲೂ ಅವೇ ಮುಖಗಳು. ಮದುವೆ ಮನೆಗಳಲ್ಲಿ ಮಾತ್ರ ಸಿಗುವ ನೆಂಟರ ಹಾಗೆ ಒಬ್ಬರಿಗೊಬ್ಬರು ಜಾಗ ಕೊಡುತ್ತಾರೆ, "ಎಲ್ಲಿ ಮುಗೀತು?" ಎಂದು ವಿಚಾರಿಸುತ್ತಾರೆ, ಒಳಗೆ ಏನು ಕೇಳಿದರು ಎಂದು ಹೊರಬಂದವನು ಒಳಹೋಗುವವನಿಗೆ ಹೇಳುತ್ತಾನೆ. ಇಬ್ಬರೂ ಒಂದೇ ಕೆಲಸಕ್ಕೆ ಬಂದವರು! ಗ್ರಂಥಾಲಯದಲ್ಲಿ ಕೂತಿದ್ದಾಗಲೂ ಅವರಿಗೆ ಫೋನು ಬರುತ್ತಿತ್ತು. ಎಲ್ಲರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇಮ್ಮೀಡಿಯಟ್ ಜಾಯ್ನರಾ ಸಾರ್?" ಎಂದರೆ, ಕರೆದ ಕೂಡಲೇ ಬರುತ್ತೀರಾ? ಇವರು ಹೌದು ಎನ್ನುತ್ತಿದ್ದರು. ಫೋನಿಟ್ಟು ನನ್ನ ಕಡೆ ನೋಡಿ, "ಅದೊಂದೇ ನೋಡಿ ನನ್ನ ದೊಡ್ಡ ಕ್ವಾಲಿಫಿಕೇಶನ್" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಕರೆದ ಕೂಡಲೇ ಬರುವವನು ಎಂದರೆ ಕರೆದ ಕೂಡಲೇ ಹೋಗುವವನು ಎಂದು ನನಗೆ ಆಗ ಹೊಳೆಯಲಿಲ್ಲ.

ಎರಡನೆಯ ಸಾಲಿನಲ್ಲಿ ನನ್ನ ತಂದೆ ರಾಮದಾಸ ಅವರಿದ್ದಾರೆ. ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿ ನಿವೃತ್ತರಾದವರು. ಒಮ್ಮೆ ಮನೆಯಲ್ಲಿ ಕಾಂಟ್ರಾಕ್ಟ್ ಕೆಲಸದ ಮಾತು ಬಂತು. ಸುಮ್ಮನೆ ಬಂತು, ಯಾರ ಬಗ್ಗೆಯೂ ಅಲ್ಲ. ಅಪ್ಪ ಹೇಳಿದರು: "ಕಾಂಟ್ರಾಕ್ಟ್ ಹುಡುಗ ಅಂದ್ರೆ ಆರ್.ಎ.ಸಿ. ಟಿಕೆಟ್ ಇದ್ದ ಹಾಗೆ ಕಣೇ. ರೈಲು ಹತ್ಬಹುದು, ಕಾಲು ಚಾಚಿ ಮಲಗೋ ಹಾಗಿಲ್ಲ." ನೀವು ನಗುತ್ತೀರಿ. ಮನೆಯಲ್ಲಿ ಅಮ್ಮನೂ ನಕ್ಕರು. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಇದನ್ನು ಯಾಕೆ ಹೇಳಿದೆ? ಮಾತು ಎಲ್ಲಿಗೋ ಹೋಯಿತು. ಕ್ಷಮಿಸಿ.

ಶಾಲಿನ ವಿಷಯ ಹೇಳುತ್ತೇನೆ, ಅದು ಸುರಕ್ಷಿತ. ಈ ಶಾಲು ಕೊಳ್ಳಲು ನಾನು ಟಿ. ನಗರಕ್ಕೆ ಹೊರಟಾಗ ಜಾನಕಮ್ಮನವರೂ ಬಂದರು. ಸ್ವಂತ ಮಗನ ಸನ್ಮಾನದ ಶಾಲನ್ನು ತಾವೇ ಆರಿಸಿದ ತಾಯಿ ಚೆನ್ನೈಯಲ್ಲಿ ಇವರೊಬ್ಬರೇ ಇರಬೇಕು. "ಸನ್ಮಾನಕ್ಕೆ ಕೊಡೋ ಶಾಲು ಒಂದು ತೊಳೆತಕ್ಕೆ ಬರಲ್ಲ ಮಾ, ನಾನೇ ಪಾಕ್ತೀನಿ" ಎಂದರು. ತಾವೇ ನೋಡಿ ಆರಿಸುತ್ತೇನೆ ಎಂದು, ಅವರ ತಮಿಳು ಬೆರೆತ ಕನ್ನಡದಲ್ಲಿ. ಶಾಲಾಯಿತು. ಆಮೇಲೆ ಫುಟ್‌ಪಾತಿನ ಒಂದು ಅಂಗಡಿಯ ಮುಂದೆ ನಿಂತು, ಬೆವರು ಒರೆಸಿಕೊಳ್ಳುತ್ತ, ಪೂರ್ಣ ತೋಳಿನ ಒಂದು ಸ್ವೆಟರಿಗೆ ಚೌಕಾಸಿ ಮಾಡಿದರು! ಈ ಊರಿನಲ್ಲಿ ಸ್ವೆಟರ್! ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ತಮಾಷೆ ಮಾಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತ, "ಪುಣೆಯಲ್ಲಿ ಕುಳಿರು ಜಾಸ್ತಿಯಾ ಮಾ?" ಎಂದು ಕೇಳಿದರು. ಚಳಿಯ ಮಾತು. ಯಾರೋ ನೆಂಟರಿಗಿರಬೇಕು ಎಂದುಕೊಂಡೆ.

ಈಗ ನಾನು ಹೇಳಲೇಬೇಕಾದ ಮುಖ್ಯ ವಿಷಯಕ್ಕೆ ಬರುತ್ತೇನೆ. ಸನ್ಮಾನಿತರು ಭಾನುವಾರವೂ ಯಾಕೆ ಆಫೀಸಿನಿಂದ ಬರುತ್ತಿದ್ದಾರೆ? ಅವರ ಲೋಕದಲ್ಲಿ ಕೆ.ಟಿ., ಎಂದರೆ ನಾಲೆಜ್ ಟ್ರಾನ್ಸ್‌ಫರ್, ಎಂಬ ಪದ್ಧತಿಯಿದೆ. ಕಾಂಟ್ರಾಕ್ಟ್ ಮುಗಿಯುವವನು ತನಗೆ ಗೊತ್ತಿರುವುದನ್ನೆಲ್ಲ ತನ್ನ ಜಾಗಕ್ಕೆ ಬರುವವರಿಗೆ ಕಲಿಸಬೇಕು. ಚೆನ್ನಾಗಿ ಕಲಿಸಿದಷ್ಟೂ ತನ್ನ ಅಗತ್ಯ ಬೇಗ ತೀರುತ್ತದೆ. ಆದ್ದರಿಂದ ಬುದ್ಧಿವಂತರು ಒಂದೆರಡು ಗುಟ್ಟುಗಳನ್ನು ಜೇಬಿನಲ್ಲಿಟ್ಟುಕೊಳ್ಳುತ್ತಾರೆ. ಗುರುಚರಣ ಅವರ ಗೆಳೆಯ ಅಜಯ್ ಹಾಗೆಯೇ ಮಾಡು ಎಂದು ಬುದ್ಧಿ ಹೇಳಿದ್ದರಂತೆ. ಇವರ ಜಾಗಕ್ಕೆ ಬಂದವಳು ಮಧುರಾ ಎಂಬ ಹುಡುಗಿ, ಅವಳಿಗದು ಮೊದಲ ಕೆಲಸ. ಗುಟ್ಟು ಇಟ್ಟುಕೊಂಡಿರಾ ಎಂದು ನಾನು ಕೇಳಿದೆ. ಅವರು ಹೇಳಿದ್ದು ಹೀಗೆ: "ಅರ್ಧ ಹೇಳಿಕೊಟ್ಟು ಬಂದ್ರೆ ಒಂದಿನ ಅದು ಕೆಟ್ಟುನಿಲ್ಲುತ್ತೆ, ಎಲ್ಲರ ಮುಂದೆ ಬೈಸ್ಕೊಳ್ಳೋದು ಆ ಹುಡುಗಿ. ನಾನು ಹಾಗೆ ಬೈಸ್ಕೊಂಡಿದೀನಿ ಶ್ರೀಯಾ ಅವರೇ."

ಸಭಿಕರೇ, ಇಂಥವರಿಗೆ ಕೇಕ್ ಇಲ್ಲ. ಅದಕ್ಕಾಗಿಯೇ ಶಾಲು ಇರಲಿ ಎಂದು ನಾನು ಸಮಿತಿಯನ್ನು ಪೀಡಿಸಿದ್ದು.

ಈ ಕೆ.ಟಿ.ಯ ಕೊನೆಯಲ್ಲಿ ಇನ್ನೊಂದು ಘಟ್ಟವಿದೆ, ಅದಕ್ಕೆ ರಿವರ್ಸ್ ಕೆ.ಟಿ. ಎಂದು ಹೆಸರು. ನಮ್ಮ ಹಿರಿಯರ ಕಾಲದಲ್ಲಿ ಇದನ್ನೇ ಪಾಠ ಒಪ್ಪಿಸುವುದು ಎನ್ನುತ್ತಿದ್ದರು. ಕಲಿತವಳು ಎಲ್ಲರ ಮುಂದೆ ನಿಂತು ಕಲಿತದ್ದನ್ನು ತಿರುಗಿ ಹೇಳಬೇಕು. ಕಲಿಸಿದವನು ಹಿಂದೆ ಕೂತು, ಬಾಯಿ ಬಿಡದೆ ಕೇಳಬೇಕು. ಕೊನೆಗೆ ಕಲಿತವಳು "ನನಗೆ ಎಲ್ಲ ಅರ್ಥವಾಗಿದೆ" ಎಂದು ಮೇಲ್ ಕಳಿಸಬೇಕು. ಅದು ಬಂದ ಮೇಲೆ ಕಲಿಸಿದವನಿಗೆ ಬಿಡುಗಡೆ. ಎಲ್ಲರ ಮುಂದೆ ನಿಂತು...

ಒಂದು ನಿಮಿಷ. ನೀರು ಕುಡಿಯುತ್ತೇನೆ.

ಸಭಿಕರೇ, ಹೋದ ತಿಂಗಳಿಂದ ಗುರುಚರಣ ಅವರು ನನಗೆ ಆ ಪ್ರೋಗ್ರಾಮಿನ ಒಂದೊಂದು ಮೂಲೆಯನ್ನೂ ಹೇಳಿಕೊಡುತ್ತಿದ್ದರು. ಕರೆಂಟು ಹೋದರೆ ಏನು ಮಾಡಬೇಕು, ಸಂದೇಶ ಹೋಗದಿದ್ದರೆ ಎಲ್ಲಿ ನೋಡಬೇಕು ಎಂದೆಲ್ಲ. ನೀವಿದ್ದೀರಲ್ಲ, ನನಗೆ ಯಾಕೆ ಎಂದರೆ, "ಗೊತ್ತಿರ್ಲಿ" ಎನ್ನುತ್ತಿದ್ದರು. ಅಭಿನಂದನೆಯ ಮಾತನ್ನು ಶ್ರೀಯಾ ಅವರೇ ಆಡಲಿ ಎಂದು ಸಮಿತಿಗೆ ಹೇಳಿದವರೂ ಅವರೇ. ನನಗೆ ಹೇಳಿದರು: "ನನ್ನ ಬಗ್ಗೆ ಏನೂ ಬೇಡ. ಪ್ರೋಗ್ರಾಂ ಹೇಗೆ ಕೆಲಸ ಮಾಡುತ್ತೆ ಅಂತ ಸಭೆಗೆ ವಿವರಿಸಿ, ಸಾಕು. ನಾನು ಹಿಂದೆ ಕೂತು ಕೇಳ್ತೀನಿ." ಕಳೆದ ಭಾನುವಾರ ಲೋಟವನ್ನು ತೊಳೆದು, ಒರೆಸಿ, "ಇದನ್ನ ಮನೆಗೆ ತಗೊಂಡು ಹೋಗ್ಲಾ?" ಎಂದು ಕೇಳಿದರು. ಮುಂದಿನ ವಾರ ಕಾಫಿ ಯಾವುದರಲ್ಲಿ ಕುಡಿಯುತ್ತೀರಿ ಎಂದು ನಾನು ಕೇಳಿದೆ. ಅವರು ಲೋಟವನ್ನು ಕಪಾಟಿನಲ್ಲೇ ಇಟ್ಟರು.

ಜಾನಕಮ್ಮ, ಆ ಸ್ವೆಟರ್ ಯಾರಿಗೆ?

ಜಾನಕಮ್ಮನವರು ತಲೆ ತಗ್ಗಿಸಿದ್ದಾರೆ. ಬೇಡಿ ಅಮ್ಮ, ನೀವು ಉತ್ತರ ಕೊಡಬೇಡಿ. ಹೇಳಬೇಡ ಎಂದಿರಬೇಕು ಅವರು. ಕಿತ್ತಳೆ ದಾರದವರು ಹೋಗುವುದನ್ನು ಹೇಳಿ ಹೋಗುವುದಿಲ್ಲ, ಅಭ್ಯಾಸವಿಲ್ಲ.

ಹರಿದಾಸ ಅವರೇ, ನಿಮ್ಮ ಕೈ ನಿಂತಿದೆ. ನಿಮ್ಮ ಹಿಂದೆ, ಚಪ್ಪಲಿ ಬಿಡುವ ಕಡೆ, ಹೆಲ್ಮೆಟ್ ಹಿಡಿದುಕೊಂಡು ಒಬ್ಬರು ನಿಂತಿದ್ದಾರೆ. ಎಷ್ಟು ಹೊತ್ತಿನಿಂದ ನಿಂತಿದ್ದಾರೋ ನಾನು ನೋಡಲಿಲ್ಲ. ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ. ನಾನಿನ್ನೂ ಮುಗಿಸಿಲ್ಲ. ಈಗ ಕೂತರೆ ಮತ್ತೆ ಏಳುವ ಧೈರ್ಯ ನನಗಿಲ್ಲ.

ಗುರುಚರಣ ಅವರೇ, ಒಪ್ಪಿಸುತ್ತೇನೆ, ಅಲ್ಲೇ ನಿಂತು ಕೇಳಿ. ಹೊಸ ಪುಸ್ತಕ ಬಂದರೆ ಮೊದಲು ಹೆಸರು, ಆಮೇಲೆ ಬರೆದವರು, ಆಮೇಲೆ ಕಪಾಟು. ಕರೆಂಟು ಹೋದರೆ ಗಾಬರಿಯಾಗಬಾರದು, ಹಾಕಿದ್ದೆಲ್ಲ ಉಳಿದಿರುತ್ತದೆ. ಪಾಸ್‌ವರ್ಡನ್ನು ಅಧ್ಯಕ್ಷರಿಗೆ ಹೇಳಬಾರದು. ಇಷ್ಟು ಅರ್ಥವಾಗಿದೆ. ಆದರೆ ಎಲ್ಲ ಅರ್ಥವಾಗಿಲ್ಲ. ಆ ಮಧುರಾಗೆ ಒಂದನ್ನೂ ಮುಚ್ಚಿಡದೆ ಹೇಳಿಕೊಟ್ಟವರು ನನ್ನಿಂದ ಒಂದೇ ಒಂದನ್ನು ಯಾಕೆ ಮುಚ್ಚಿಟ್ಟರು ಎಂಬುದು ಅರ್ಥವಾಗಿಲ್ಲ. ಆದ್ದರಿಂದ "ಎಲ್ಲ ಅರ್ಥವಾಗಿದೆ" ಎಂದು ನಾನು ಬರೆದುಕೊಡುವುದಿಲ್ಲ. ಈ ಸಭೆಯ ಮುಂದೆ ಹೇಳುತ್ತಿದ್ದೇನೆ, ನಮ್ಮ ಕೆ.ಟಿ. ಮುಗಿದಿಲ್ಲ. ಪುಣೆಗೆ ಹೋಗಿ. ಕೆಲಸ ಕರೆದಾಗ ಹೋಗಲೇಬೇಕು, ಬಲ್ಲೆ. ಆದರೆ ಪಾಠ ಬಾಕಿಯಿದೆ ಎಂದು ತಿಳಿದುಕೊಂಡು ಹೋಗಿ.

ಅಪ್ಪ, ಚಿಕ್ಕವಳಿದ್ದಾಗ ನಾನು ನಿಮ್ಮ ಜೊತೆ ಆರ್.ಎ.ಸಿ.ಯಲ್ಲಿ ಹೋಗಿದ್ದೇನೆ. ಮಲಗುವ ಹಾಗಿಲ್ಲ, ನಿಜ. ಆದರೆ ಒಂದೇ ಸೀಟಿನಲ್ಲಿ ಇಬ್ಬರನ್ನು ಎದುರುಬದುರು ಕೂರಿಸುತ್ತಾರೆ. ಮಾತಾಡುತ್ತ ಊರು ಬಂದದ್ದೇ ತಿಳಿಯಲಿಲ್ಲ ಎಂದು ಅವತ್ತು ಇಳಿಯುವಾಗ ಹೇಳಿದವರು ನೀವೇ.

ನಾಲ್ಕು ಮಾತಿಗೆ ಕರೆದು ಇಷ್ಟೆಲ್ಲ ಕೇಳಿಸಿಕೊಂಡ ನಿಮಗೆ, ಕೇಸರಿಬಾತ್ ಆರುವವರೆಗೂ ಏಳದೆ ಕೂತ ನಿಮಗೆ, ನಾನು ಋಣಿ. ಅಧ್ಯಕ್ಷರೇ, ಸನ್ಮಾನಿತರು ಬಂದಿದ್ದಾರೆ. ಶಾಲು, ಹಾರ, ಹಣ್ಣು ಎಲ್ಲವನ್ನೂ ಕೊಟ್ಟು ಕಳಿಸಿ. ಲೋಟವನ್ನು ಮಾತ್ರ ನಾನು ಕೊಡುವುದಿಲ್ಲ. ಅದು ಕಪಾಟಿನಲ್ಲೇ ಇರುತ್ತದೆ.

ನಮಸ್ಕಾರ.